ನಾನು ಚಹಾಕ್ಕೆ ಹೋದಾಗ ನಿಂತುಹೋದ ಕ್ಲಸ್ಟರ್

ಪುಣೆಯ ಹಿಂಜೆವಾಡಿಯ ಕಚೇರಿಗೆ ಸೇರಿದ ಹೊಸದರಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಪೂರ್ತಿ ಸುತ್ತು ಹಾಕಬೇಕಿತ್ತು: ಕೋಡನ್ನು ಕಟ್ಟಿಡುವ ಇಮೇಜ್ ಬಿಲ್ಡ್ ಮಾಡುವುದು, ಇಮೇಜುಗಳ ಉಗ್ರಾಣವಾದ ರಿಜಿಸ್ಟ್ರಿಗೆ ಕಳಿಸುವುದು, ತಂಡವೆಲ್ಲ ಹಂಚಿಕೊಳ್ಳುವ ಕುಬರ್ನೆಟಿಸ್ ಕ್ಲಸ್ಟರಿನಲ್ಲಿ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪು) ಹೊಸ ಪಾಡ್, ಅಂದರೆ ಆ ಕೋಡ್ ಓಡುವ ಘಟಕ, ಏಳುವವರೆಗೆ ಕಾಯುವುದು. ಹತ್ತು ನಿಮಿಷ ಕಳೆದ ಮೇಲೆ ಗೊತ್ತಾಗುತ್ತಿತ್ತು, ವೇರಿಯಬಲ್ ಹೆಸರನ್ನೇ ತಪ್ಪಾಗಿ ಬರೆದಿದ್ದೇನೆ ಎಂದು. ನಮ್ಮ ತಂತ್ರಾಂಶದ ಬಿಡಿ ಭಾಗಗಳಾದ ಎಲ್ಲ ಸೇವೆಗಳನ್ನೂ ಲ್ಯಾಪ್‌ಟಾಪಿನಲ್ಲೇ, ಪುಟ್ಟ ಕ್ಲಸ್ಟರ್ ಕಟ್ಟಿಕೊಡುವ ಮಿನಿಕ್ಯೂಬ್ ಮೇಲೆ ಓಡಿಸಿ ನೋಡಿದೆ. 16 ಜಿಬಿ ಮೆಮೊರಿ ಆರನೆಯ ಸೇವೆಗೇ ಮುಗಿದುಹೋಯಿತು; ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು.

ಕೊನೆಗೆ ಲ್ಯಾಪ್‌ಟಾಪನ್ನು ಕ್ಲಸ್ಟರಿಗೆ ಜೋಡಿಸುವ ಟೆಲಿಪ್ರೆಸೆನ್ಸ್ ಎಂಬ ಸಾಧನಕ್ಕೆ ಬಂದೆ. ನಾನು ತಿದ್ದುತ್ತಿರುವ ಒಂದು ಸೇವೆ ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲಿ, ಉಳಿದದ್ದೆಲ್ಲ ಕ್ಲಸ್ಟರಿನಲ್ಲೇ. ಕನೆಕ್ಟ್ ಎಂದರೆ ಕ್ಲಸ್ಟರಿನ ಒಳಗಿನ ಹೆಸರುಗಳು ನನ್ನ ಯಂತ್ರಕ್ಕೂ ತಿಳಿಯುತ್ತವೆ. ಇಂಟರ್ಸೆಪ್ಟ್ ಎಂದರೆ ಆ ಸೇವೆಯ ಪಾಡಿನೊಳಗೆ ಒಂದು ಏಜೆಂಟ್ ಕಂಟೈನರ್ ಬಂದು ಕೂತು, ಬರುವ ಕೋರಿಕೆಗಳನ್ನು ನನ್ನ ಪೋರ್ಟಿಗೆ ತಿರುಗಿಸುತ್ತದೆ. ಡೇಟಾಬೇಸಿನ ವಿಳಾಸದಂಥ ಸೆಟ್ಟಿಂಗುಗಳಿರುವ ಪಾಡಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಫೈಲಿಗೆ ಇಳಿಸಿಕೊಡುವ ಸೌಲಭ್ಯವೂ ಇದೆ. ಆ ವಿಳಾಸ ಹುಡುಕುತ್ತ ಕಳೆದಿದ್ದ ದಿನಗಳು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೊದಲ ದಿನ ಸಂಪರ್ಕವೇ ಆಗಲಿಲ್ಲ. ನಮ್ಮ ಕ್ಲಸ್ಟರಿನ ಸೇವೆಗಳ ವಿಳಾಸಗಳು ಕ್ಲಸ್ಟರ್ ಕಟ್ಟುವ ಸಾಧನವಾದ kubeadm ಕೊಡುವ ಮಾಮೂಲಿ 10.96.0.0/12ರಲ್ಲಿದ್ದವು, ಕಚೇರಿಯ ಖಾಸಗಿ ಜಾಲವಾದ ವಿಪಿಎನ್ ಅದನ್ನೂ ಒಳಗೊಂಡ 10.0.0.0/8 ಪೂರ್ತಿ ತನ್ನದೆನ್ನುತ್ತಿತ್ತು. ಕ್ಲಸ್ಟರಿನ ಆ ಸಣ್ಣ ಭಾಗದಲ್ಲಿ ಘರ್ಷಣೆಯಾದರೂ ಪರವಾಗಿಲ್ಲ ಎಂದು ಟೆಲಿಪ್ರೆಸೆನ್ಸ್‌ನ ಸೆಟ್ಟಿಂಗಿನಲ್ಲಿ ಬರೆದ ಮೇಲೆ ದಾರಿ ಬಿಟ್ಟುಕೊಟ್ಟಿತು.

ಆಮೇಲಿನದು ನನ್ನದೇ ತಪ್ಪು. ಒಂದು ಸಂಜೆ ಇಂಟರ್ಸೆಪ್ಟ್ ಮಾಡಿದ ಸೇವೆಯಲ್ಲಿ ಬ್ರೇಕ್‌ಪಾಯಿಂಟ್, ಅಂದರೆ ಕೋಡ್ ಓಡುತ್ತ ಬಂದು ನಿಂತುಬಿಡುವ ಗುರುತು, ಇಟ್ಟು, ಮಳೆ ನಿಂತಿತೆಂದು ಎದುರಿನ ಅಮೃತತುಲ್ಯ ಚಹಾ ಅಂಗಡಿಗೆ ಹೋದೆ. ಮರಳಿದಾಗ ಕಲಬುರಗಿಯ ಅಕ್ಕ, ನಮ್ಮ ಟೆಸ್ಟರ್, ನನ್ನ ಮೇಜಿನ ಬಳಿ ನಿಂತಿದ್ದರು. ಕಚೇರಿಯಲ್ಲಿ ಅವರದು ಹಿಂದಿ, ಮರಾಠಿ. ಬೈಯುವಾಗ ಮಾತ್ರ ಕನ್ನಡ.

“ಅರ್ಧ ಗಂಟೆಯಿಂದ ಯಾವ ಆರ್ಡರೂ ಮುಂದೆ ಹೋಗುತ್ತಿಲ್ಲ. ಎಲ್ಲಿ ಕಟ್ಟಿಹಾಕಿದ್ದೀಯಪ್ಪ?”

ಲ್ಯಾಪ್‌ಟಾಪಿನ ಪರದೆಯಲ್ಲಿ ನಲವತ್ತೆರಡನೆಯ ಸಾಲು ಹಳದಿಯಾಗಿ ಹೊಳೆಯುತ್ತಿತ್ತು. ಷರತ್ತು ಹಾಕದ ಇಂಟರ್ಸೆಪ್ಟ್ ನನ್ನ ಕೋರಿಕೆಗಳನ್ನಷ್ಟೇ ಅಲ್ಲ, ಎಲ್ಲರದನ್ನೂ ಎಳೆದುಕೊಳ್ಳುತ್ತದೆ. ಇಡೀ ತಂಡದ ಕೋರಿಕೆಗಳು ಆ ಒಂದು ಸಾಲಿನಲ್ಲಿ ನಿಂತಿದ್ದವು.

ಈಗ ಹೆಡರ್ ಷರತ್ತು, ಅಂದರೆ ತಲೆಬರಹದಲ್ಲಿ ನನ್ನ ಗುರುತಿರುವ ಕೋರಿಕೆ ಮಾತ್ರ ನನಗೆ ಬರಲಿ ಎಂಬ ನಿಬಂಧನೆ, ಹಾಕದೆ ಇಂಟರ್ಸೆಪ್ಟ್ ಮಾಡುವುದಿಲ್ಲ. ಸುಮ್ಮನೆ ನೋಡುವ ಕೆಲಸವಾದರೆ ಇಂಥದ್ದೇ ಇನ್ನೊಂದು ಸಾಧನ ಮಿರರ್‌ಡಿ (mirrord) ಬಳಸುತ್ತೇನೆ. ಅದರ ಮಿರರ್ ವಿಧಾನದಲ್ಲಿ ಕೋರಿಕೆಯ ನಕಲು ಮಾತ್ರ ನನಗೆ ಬರುತ್ತದೆ, ಉತ್ತರ ಕೊಡುವುದು ಮೂಲ ಪಾಡೇ. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಆದರೆ ನಕಲು ಕೋರಿಕೆಯನ್ನು ಪಡೆದ ನನ್ನ ಕೋಡ್ ಬರೆಯುವುದು ಕ್ಲಸ್ಟರಿನ ಅದೇ ಡೇಟಾಬೇಸಿಗೆ. ಮರುವಾರ ಅಕ್ಕ ಮತ್ತೆ ಬಂದರು, ಒಂದೇ ಆರ್ಡರಿಗೆ ಎರಡು ಸಾಲು ಬಿದ್ದಿರುವ ಟೇಬಲ್ಲನ್ನು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡು.