ಸಾವಿನ ಸುದ್ದಿಯ ಕೆಳಗೆ ನಾಲ್ಕು ಸಾಲು

ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ವೈದ್ಯ. ವರ್ಷವರ್ಷವೂ ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನಕ್ಕೆ ಪತ್ರಿಕಾ ಪ್ರಕಟಣೆ ಕಳಿಸುತ್ತಿದ್ದೆ: ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಬೀಡಿ ಬಿಡಿ. ಮರುದಿನ ಒಳಪುಟದಲ್ಲಿ ಬರುತ್ತಿದ್ದದ್ದು ದೀಪ ಬೆಳಗಿಸಿದ ಫೋಟೊ, ಕೆಳಗೆ ವೇದಿಕೆಯಲ್ಲಿದ್ದವರ ಹೆಸರು.

2025ರ ಜೂನ್ ಕೊನೆಗೆ ಹೃದಯಾಘಾತವೇ ಮುಖಪುಟವಾಯಿತು. ದಿನಾ ನಮ್ಮ ಜಿಲ್ಲೆಯ ಸಾವಿನ ಲೆಕ್ಕ. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಎದೆನೋವು ಬಂದರೆ ಮೊದಲು ಎಲ್ಲಿಗೆ ಓಡಬೇಕು ಅನ್ನುವುದು ಮಾತ್ರ ನಾನು ಓದಿದ ಸುದ್ದಿಗಳಲ್ಲಿ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

ತಾಲ್ಲೂಕು ವರದಿಗಾರರೊಬ್ಬರನ್ನು ಆಸ್ಪತ್ರೆಗೇ ಕರೆದೆ. ಹೆಸರು ಮುಚ್ಚಿ, ಒಬ್ಬ ರೋಗಿಯ ಎರಡು ಇಸಿಜಿ ಮೇಜಿನ ಮೇಲಿಟ್ಟೆ. "ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಬಂದಿದ್ರು. ಈ ಗೆರೆ ಗುಡ್ಡದ ಹಾಗೆ ಎದ್ದಿದೆ ನೋಡಿ, ಅದು ಹೃದಯಾಘಾತ. ಇದು ಇಂಜೆಕ್ಷನ್ ಕೊಟ್ಟು ಒಂದೂವರೆ ಗಂಟೆ ಆದಮೇಲಿನದು." ಅವರು ಎರಡನೇ ಕಾಗದದ ಮೇಲೆ ಬೆರಳಾಡಿಸಿ, "ಇಳಿದಿದೆಯಲ್ಲ ಸಾರ್! ಇದು ನಮ್ಮೂರಲ್ಲೇ ಸಿಗುತ್ತಾ? ಎಷ್ಟಾಗುತ್ತೆ?" ಅಂದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಆ ಇಂಜೆಕ್ಷನ್, ಟೆನೆಕ್ಟೆಪ್ಲೇಸ್, ಉಚಿತ ಅಂದಾಗ ಜೇಬಿನಿಂದ ಪೆನ್ನು ಹೊರಬಂತು. ನಮ್ಮೂರು, ಉಚಿತ: ವರ್ಷಗಟ್ಟಲೆ ಪ್ರಕಟಣೆ ಬರೆದರೂ ಈ ಎರಡು ಪದ ನನಗೆ ಹೊಳೆದಿರಲಿಲ್ಲ.

ಅಂದಿನಿಂದ ಸಾವಿನ ಸುದ್ದಿಯ ಕೆಳಗೆ ಒಂದು ಬಾಕ್ಸ್ ಕೇಳತೊಡಗಿದೆ. ನಾಲ್ಕೇ ಸಾಲು, ಸಂಜೆ 4ರೊಳಗೆ ಅವರ ವಾಟ್ಸ್ಆ್ಯಪ್‌ಗೆ. ತಡವಾದರೆ ಪುಟ ಮುಗಿದಿರುತ್ತದೆ. ಎದೆ ಹಿಂಡಿದಂತಾಗಿ ಬೆವರಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೊಳ್ಳಿ. ಹಾಗೆ ಬರೆಸಿದ ಮೇಲೆ ನಮ್ಮ ಕ್ಯಾಷುಯಾಲ್ಟಿಯಲ್ಲೂ ಇಸಿಜಿ ಯಂತ್ರ ಸದಾ ಸಜ್ಜಾಗಿರಬೇಕಲ್ಲ. ಆ ಜವಾಬ್ದಾರಿ ನಾನೇ ಹೊತ್ತೆ.

ಕೋವಿಡ್ ಲಸಿಕೆಯೇ ಕಾರಣ ಎಂಬ ಗುಲ್ಲೆದ್ದಾಗಲೂ ಅದೇ ಸಲುಗೆ ಕೆಲಸಕ್ಕೆ ಬಂತು. ತಜ್ಞರ ಸಮಿತಿ ಅದಕ್ಕೆ ಆಧಾರವಿಲ್ಲ ಎಂದ ದಿನ, ಬಿಪಿ, ಸಕ್ಕರೆ ಕಾಯಿಲೆ, ತಂಬಾಕಿನ ಮಾತನ್ನೂ ಜೊತೆಗೇ ಹಾಕಿಸಿದೆ. ಶೀರ್ಷಿಕೆ ಮಾತ್ರ ಇನ್ನೂ ನಮ್ಮ ಕೈಲಿಲ್ಲ. ಅದು ಪತ್ರಿಕಾ ಕಚೇರಿಯ ಡೆಸ್ಕಿನವರದು, "ಮತ್ತೊಂದು ಬಲಿ" ಈಗಲೂ ಬರುತ್ತದೆ. ಬೇಡವೆಂದು ಕೇಳುತ್ತಲೇ ಇದ್ದೇನೆ.

ಬಾಕ್ಸಿನ ಕೊನೆಯ ಸಾಲು ನನ್ನದಲ್ಲ. "ಎದೆನೋವಿದ್ದಾಗ ಒಬ್ಬರೇ ಬೈಕ್ ಓಡಿಸಿಕೊಂಡು ಬರಬೇಡಿ, 108ಕ್ಕೆ ಕರೆ ಮಾಡಿ." ಅದನ್ನು ಸೇರಿಸಿದ್ದು ಆ ವರದಿಗಾರರು.