ಆ ಮನೆಗೆ 78 ಲಕ್ಷ ಯಾಕೆ? ಇಸಿ ಹಿಡಿದು ಲೆಕ್ಕ ಹಾಕಿದ ನನ್ನ ಅನುಭವ

2024ರಲ್ಲಿ ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ಮನೆ ನೋಡಿದೆವು. ಮೂವತ್ತು-ನಲವತ್ತು ಅಡಿಯ ಸೈಟು, ಪೂರ್ವದ ಬಾಗಿಲು, ಹಿಂದೆ ಎರಡು ತೆಂಗಿನ ಮರ. 78 ಲಕ್ಷ ಹೇಳಿದರು. "ಸಾರ್, ಈ ಏರಿಯಾದಲ್ಲಿ ಐದು ವರ್ಷಕ್ಕೆ ರೇಟು ಡಬಲ್. ಯೋಚ್ನೆ ಮಾಡ್ತಾ ಕೂತ್ರೆ ಕೈತಪ್ಪಿ ಹೋಗುತ್ತೆ" ಅಂದ ಬ್ರೋಕರ್. "ಡಬಲ್ ಆಗೋದಾದ್ರೆ ಅವರ್ಯಾಕೆ ಮಾರ್ತಿದಾರೆ?" ಅಂತ ನನ್ನಾಕೆ ಮನೆಗೆ ಬಂದ ಮೇಲೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಸಿ ತೆಗೆಸಿದೆ, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ (ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್). ಸಾಲ, ತಕರಾರು ಏನಾದರೂ ಇದೆಯಾ ಅಂತ ನೋಡೋಕೆ ಎಲ್ಲರೂ ಇಸಿ ತೆಗೆಸುತ್ತಾರೆ. ಆದರೆ ಅದರಲ್ಲಿ ಮನೆ ಯಾವ ವರ್ಷ ಎಷ್ಟಕ್ಕೆ ಮಾರಾಟ ಆಯಿತು ಅನ್ನೋದೂ ಇರುತ್ತದೆ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಳೆಯದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕು. ಈ ಮನೆ ಮೂರು ಸಲ ಕೈ ಬದಲಾಗಿತ್ತು. 2008ರಲ್ಲಿ 9 ಲಕ್ಷ, 2013ರಲ್ಲಿ 22 ಲಕ್ಷ, 2018ರಲ್ಲಿ 46 ಲಕ್ಷ.

ನೋಡಿದ ತಕ್ಷಣ ಬ್ರೋಕರ್ ಹೇಳಿದ್ದು ನಿಜ ಅನ್ನಿಸಿತು. ಐದು ವರ್ಷದಲ್ಲಿ 22 ಹೋಗಿ 46! ಆಮೇಲೆ 2013ರ ಕ್ರಯದ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಅದೇ ವಾರ ಬ್ಯಾಂಕಿಗೆ ಅಡಮಾನ, 25 ಲಕ್ಷಕ್ಕೆ. 22 ಲಕ್ಷದ ಮನೆಗೆ 25 ಲಕ್ಷ ಸಾಲ ಯಾವ ಬ್ಯಾಂಕು ಕೊಡುತ್ತೆ? ಪತ್ರದಲ್ಲಿ ಕಮ್ಮಿ ಬರೆಸಿ ಉಳಿದದ್ದನ್ನು ಕೈಗೆ ಕೊಟ್ಟಿದ್ದರು, ಅಷ್ಟೇ. 2018ರಲ್ಲಿ ಸಾಲ 34 ಲಕ್ಷ ಇತ್ತು. 46ಕ್ಕೆ ಅದು ಸರಿಹೊಂದುತ್ತದೆ. ಅಂದರೆ ಡಬಲ್ ಆಗಿದ್ದು ಒಂದು ಸುಳ್ಳು ಅಂಕಿ ಪಕ್ಕ ಒಂದು ನಿಜವಾದ ಅಂಕಿ ಇಟ್ಟಿದ್ದರಿಂದ. ಹಳೆಯ ಎರಡನ್ನೂ ಬಿಟ್ಟು 2018ರಿಂದ ಲೆಕ್ಕ ಶುರು ಮಾಡಿದೆ.

46ರಿಂದ 78 ಅಂದರೆ ಆರು ವರ್ಷಕ್ಕೆ ಸುಮಾರು ಶೇ. 70 ಜಾಸ್ತಿ. ಸುತ್ತಲಿನ ರೇಟೂ ಅಷ್ಟೇ ಏರಿದೆಯಾ? ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ದೊಡ್ಡ ನಗರಗಳದ್ದು, ಹಾಸನ ಅದರಲ್ಲಿಲ್ಲ. ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) ನೋಡೋಣ ಅಂದರೆ ಅದನ್ನು 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಪರಿಷ್ಕರಿಸಿದ್ದರು. ಅಲ್ಲಿ ಕಾಣುವ ಏರಿಕೆ ಸರ್ಕಾರದ ಆದೇಶದ್ದು, ಮಾರುಕಟ್ಟೆಯದ್ದಲ್ಲ. ಜಾಹೀರಾತಲ್ಲಿ ಇರೋದು ಮಾರುವವರ ಆಸೆ.

ಉಳಿದಿದ್ದು ಅದೇ ಬೀದಿಯ ಕ್ರಯಪತ್ರಗಳು. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿದರೆ ಇಂಥ ಪತ್ರದ ನಕಲು ಯಾರಿಗೆ ಬೇಕಾದರೂ ಸಿಗುತ್ತದೆ. ಕಷ್ಟ ಇರೋದು ಸೈಟ್ ನಂಬರ್ ಹುಡುಕೋದರಲ್ಲಿ. ಬಡಾವಣೆಯ ನಕ್ಷೆ ಹಿಡಿದು ಎರಡು ಭಾನುವಾರ ಬೀದಿ ಸುತ್ತಿದೆ. ಕಟ್ಟಡದ ಗೋಜಲು ಬೇಡ ಅಂತ ಖಾಲಿ ಸೈಟುಗಳನ್ನೇ ಆರಿಸಿಕೊಂಡೆ. ಅದೇ ಅಳತೆಯ ಒಂದು ಸೈಟು ಅದೃಷ್ಟಕ್ಕೆ ಎರಡು ಸಲ ಮಾರಾಟ ಆಗಿತ್ತು. 2018ರಲ್ಲಿ 30 ಲಕ್ಷ, 2024ರ ಶುರುವಿನಲ್ಲಿ 42 ಲಕ್ಷ. ಶೇ. 40. ಒಂದೇ ಸೈಟನ್ನು ನಂಬಬಾರದು ನಿಜ, ಆದರೆ ಉಳಿದ ಎರಡು ಪತ್ರಗಳ ಚದರಡಿ ದರವೂ ಇದರ ಆಸುಪಾಸೇ ಇತ್ತು. ಆದಾಯ ತೆರಿಗೆಯ ಹಣದುಬ್ಬರ ಸೂಚ್ಯಂಕ ಇದೇ ಅವಧಿಯಲ್ಲಿ 280ರಿಂದ 363ಕ್ಕೆ ಏರಿದೆ. ಅದು ಶೇ. 30.

ಇನ್ನು ಕಟ್ಟಡ. 2018ರ 46ರಲ್ಲಿ ಸೈಟಿನ 30 ಕಳೆದರೆ 16. ಕಟ್ಟಡಕ್ಕೆ ಆರು ವರ್ಷ ವಯಸ್ಸಾಗಿದೆ, ಸಿಮೆಂಟು-ಕೂಲಿ ಏರಿದೆ. ಅದಕ್ಕೂ ಇದಕ್ಕೂ ವಜಾ ಮಾಡಿ 16ನ್ನೇ ಇಟ್ಟುಕೊಂಡೆ. ಇಂಜಿನಿಯರ್ ಭಾವ ಬಂದು ತಾರಸಿ ಸೋರುವುದನ್ನು ನೋಡಿ "ಹದಿನಾರು ಜಾಸ್ತಿ ಆಯ್ತು ಕಣೋ" ಅಂತ ಬೈದರು. ಇರಲಿ ಅಂತ ಬಿಟ್ಟೆ. 42ಕ್ಕೆ 16 ಸೇರಿ 58.

ಮನೆ ಯಜಮಾನರು ನನ್ನ ಹಾಳೆಯನ್ನು ಎರಡು ಸಲ ಓದಿದರು. "ನೀವು ಲೆಕ್ಕದ ಮೇಷ್ಟ್ರಾ?" ಅಂತ ಕೇಳಿದರು. ಕಾಫಿ ಬಂತು. ಒಂದೂವರೆ ತಿಂಗಳು ಎಳೆದಾಡಿ 62ಕ್ಕೆ ಮುಗಿಯಿತು. ಆ ಮೇಲಿನ 4 ಲಕ್ಷಕ್ಕೆ ನನ್ನಲ್ಲಿ ಲೆಕ್ಕ ಇಲ್ಲ. ನನ್ನಾಕೆಗೆ ತೆಂಗಿನ ಮರ ಹಿಡಿಸಿತ್ತು.

ರಿಜಿಸ್ಟ್ರೇಷನ್‌ಗೆ ಮುಂಚೆ ಬ್ರೋಕರ್ ಪಕ್ಕಕ್ಕೆ ಕರೆದು, "ಗೈಡೆನ್ಸ್ ವ್ಯಾಲ್ಯೂಗೆ ಬರೆಸಿಬಿಡಿ ಸಾರ್, ಸುಮ್ನೆ ಯಾಕೆ ದುಡ್ಡು ಕಳ್ಕೋತೀರಾ" ಅಂದ. ಸ್ಟಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ ಆಗ, 2024ರಲ್ಲಿ, ಶೇ. 1 ಇತ್ತು. ಒಟ್ಟು 4 ಲಕ್ಷ ದಾಟಿತು, ಹೊಟ್ಟೆ ಉರಿಯಿತು. ಆದರೂ ಪೂರ್ತಿ ಬರೆಸಿದೆ. ನಾಳೆ ಯಾರಾದರೂ ಆ ಮನೆಯ ಇಸಿ ತೆಗೆಸಿದರೆ 62 ಅಂತಲೇ ಕಾಣುತ್ತದೆ.