ಉಪ್ಪು ನೋಡುವ ಕೆಲಸ

2024ರ ರಂಜಾನ್‌ನಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ ಉಪ್ಪು ನೋಡುವುದು. ಮಂಗಳೂರಿನ ಬಂದರಿನಲ್ಲಿ ನಮ್ಮ ಪಕ್ಕದ ಓಣಿಯ ಕಾಕ ಒಬ್ಬರು, ರಸ್ತೆ ಬದಿ ಮಲಗುವವರಿಗೆಂದು ತಿಂಗಳಿಡೀ ಗಂಜಿ ಬೇಯಿಸುತ್ತಾರೆ. ಒಲೆ ಮುಂದೆ ನಿಂತ ಐದೂ ಜನರಿಗೆ ಉಪವಾಸ. "ನಾಲಿಗೆಗೆ ತಾಗಿಸಿ ಉಗಿಯಬಹುದು, ಆದ್ರೆ ಗಂಟಲಿಗೆ ಇಳಿದ್ರೆ? ನಿನಗೆ ನೋಂಬು ಇಲ್ಲ ಅಲ್ವಾ, ಬಾ" ಎಂದು ಕರೆದರು.

ಇದು ನಮ್ಮ ಮನೆಯ ಕುಚ್ಚಲಕ್ಕಿ ಗಂಜಿಯಲ್ಲ. ಬೆಳ್ತಿಗೆ ಅಕ್ಕಿ, ನೆನೆಸಿದ ಮೆಂತೆ, ಜೀರಿಗೆ, ಈರುಳ್ಳಿ. ಅಕ್ಕಿ ಅರಳಿ ಕರಗುವವರೆಗೆ ಬೇಯಬೇಕು. ತೆಳು ಕಾಯಿಹಾಲು ಮೊದಲೇ ಬೀಳುತ್ತದೆ, ದಪ್ಪ ಹಾಲು ಕೊನೆಗೆ. ಆಮೇಲೆ ಕುದಿಸಿದರೆ ಹಾಲು ಒಡೆಯುತ್ತದೆ. ಮಾರ್ಚ್ ತಿಂಗಳ ಸೆಕೆ, ಸೌದೆ ಒಲೆ. ಹನಿ ನೀರು ಕುಡಿಯದೆ ಸೌಟು ತಿರುಗಿಸುವವರ ಎದುರು ನನ್ನ ಬಾಟಲಿ ಚೀಲದಲ್ಲೇ ಉಳಿಯುತ್ತಿತ್ತು.

ಮೊದಲ ದಿನವೇ ಎಡವಟ್ಟಾಯಿತು. ಕೊತಕೊತ ಕುದಿಯುವಾಗಲೇ ಬಾಯಿಗಿಟ್ಟು "ಸಾಲದು" ಎಂದೆ. ಇನ್ನೊಂದು ಹಿಡಿ ಬಿತ್ತು. ಹಂಚುವ ಹೊತ್ತಿಗೆ ಗಂಜಿ ಆರಿ ಗಟ್ಟಿಯಾಗಿತ್ತು. ಬರೀ ಉಪ್ಪುಪ್ಪು! ಸುಟ್ಟ ನಾಲಿಗೆಗೆ ರುಚಿ ಎಲ್ಲಿ ತಿಳಿಯುತ್ತದೆ? ಮಾರನೇ ದಿನದಿಂದ ಒಂದು ಬಟ್ಟಲಿಗೆ ಹಾಕಿ, ಉಗುರು ಬೆಚ್ಚಗಾದ ಮೇಲೆಯೇ ಮಾತಾಡಲು ಕಲಿತೆ.

ಸಂಜೆ 6.40ರ ಸುಮಾರಿಗೆ ಬಾಂಗ್, ಅಂದರೆ ನಮಾಜಿನ ಕರೆ; ನೋಂಬು ಬಿಡುವ ಹೊತ್ತು. ಅದಕ್ಕೆ ಮೊದಲೇ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಹಂಪನಕಟ್ಟೆ, ಸೆಂಟ್ರಲ್ ರೈಲು ನಿಲ್ದಾಣದ ಕಡೆ ಮುಟ್ಟಬೇಕು. ಆದರೆ ಅದೇ ಹೊತ್ತಿಗೆ ಬೇರೆಯವರೂ ಬರುತ್ತಾರೆ. ಒಬ್ಬ ಮುದುಕರ ಪಕ್ಕ ನಾಲ್ಕು ಪೊಟ್ಟಣ ಸಾಲಾಗಿ ಇದ್ದವು. ನಾವು ಐದನೆಯದು ಇಟ್ಟೆವು. ಬೆಳಿಗ್ಗೆ ಆ ದಾರಿಯಲ್ಲೇ ಕೆಲಸಕ್ಕೆ ಹೋಗುವಾಗ ನೋಡಿದರೆ ನಮ್ಮ ಗಂಜಿ ಹಳಸಿ, ಇರುವೆ ಮುತ್ತಿತ್ತು. ಕಾಯಿಹಾಲು ಈ ಸೆಕೆಗೆ ರಾತ್ರಿ ಕಳೆಯುವುದಿಲ್ಲ. ಮುದುಕರು ಖಾಲಿ ಹೊಟ್ಟೆಯಲ್ಲಿ ಕೂತಿದ್ದರು.

ಸಂಜೆ ಕಮ್ಮಿ ಮಾಡಿ ಬೆಳಗಿನ ಜಾವ ಕೊಡೋಣ ಎಂದೆ. ಹುಡುಗರು ಒಪ್ಪಲಿಲ್ಲ. ನೋಂಬು ಬಿಡಿಸಿದರೆ ಪುಣ್ಯ ಜಾಸ್ತಿ ಎಂಬುದು ಅವರ ಮಾತು. ವಾದ ಮಾಡಲು ನಾನು ಯಾರು, ಸುಮ್ಮನಾದೆ. ವಿಷಯ ತಿರುಗಿದ್ದು ಉತ್ತರದಿಂದ ಬಂದ ಒಬ್ಬ ಲೋಡಿಂಗ್ ಕೆಲಸದವನಿಂದ. ಮಲಗುವುದು ಅಂಗಡಿ ಜಗಲಿಯಲ್ಲಿ, ಹಗಲಿಡೀ ಉಪವಾಸ. ಸಹರಿಗೆ, ಅಂದರೆ ನೋಂಬು ಶುರುವಾಗುವ ಮೊದಲಿನ ಬೆಳಗಿನ ಜಾವದ ಊಟಕ್ಕೆ, ಏನು ತಿನ್ನುತ್ತೀಯ ಎಂದು ಕಾಕ ಕೇಳಿದರು. ಅವನು ನೀರಿನ ಬಾಟಲಿ ಎತ್ತಿ ತೋರಿಸಿದ.

ಎರಡನೇ ವಾರದಿಂದ ಸಂಜೆಗೆ ಅರ್ಧ ಹಂಡೆ ಸಾಕಾಯಿತು. ಬೆಳಿಗ್ಗೆ 4ಕ್ಕೆ ಚಪಾತಿ, ತೆಂಗಿನಕಾಯಿ ಹಾಕದ ಕಡಲೆ ಪಲ್ಯ, ಎರಡು ಖರ್ಜೂರ. ಉಪವಾಸ ಇದ್ದವರು ಆಗಲೇ ತಿಂದರು. ಇಲ್ಲದವರು ತಲೆ ಪಕ್ಕ ಇಟ್ಟುಕೊಂಡು, ಎದ್ದ ಮೇಲೆ ತಿಂದರು. 3 ಗಂಟೆಗೆ ಏಳುವುದು ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಎರಡು ದಿನ ತಪ್ಪಿಸಿಕೊಂಡೆ.

ರಂಜಾನ್‌ನಲ್ಲಿ ವಿಶೇಷವೆಂದು ನಂಬುವ ಇಪ್ಪತ್ತೇಳನೇ ರಾತ್ರಿಗೆ ಮತ್ತೆ ದೊಡ್ಡ ಹಂಡೆ ಇಟ್ಟರು. ಮೊದಲ ದಿನದ ಹೆದರಿಕೆ ಇನ್ನೂ ಇತ್ತು ನೋಡಿ, ಬಟ್ಟಲಿಗೆ ಹಾಕಿ ಆರಿಸಿ, ಎರಡು ಸಲ ನೋಡಿ, "ಸರಿ ಉಂಟು" ಎಂದೆ. ಬಸ್ ನಿಲ್ದಾಣದ ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಉಪ್ಪೇ ಇಲ್ಲ ಮಾರಾಯ!"

ಕಾಕ ಸೌಟು ಹಿಡಿದೇ ನನ್ನ ಕಡೆ ತಿರುಗಿದರು. ಮರುದಿನದಿಂದ ಉಪ್ಪಿನ ಪೊಟ್ಟಣವೊಂದು ನನ್ನ ಕಿಸೆಯಲ್ಲೇ ಇತ್ತು.